ಜಯಪ್ಪನ ಕೈಗಂಟಿದ ಗ್ರೀಸು

ಕೂಡಿಗೆಯಿಂದ ಹೆಬ್ಬಾಲೆಗೆ ಹೋಗುವ ರಸ್ತೆಯಲ್ಲಿ ಯಾರ ಮನೆ ಬಾಗಿಲಲ್ಲಿ ನಿಂತು ಕೇಳಿದರೂ ಅಷ್ಟೆ, ಪಂಪು ಕೆಟ್ಟರೆ ಯಾರನ್ನು ಕರೆಯುತ್ತೀರಿ ಅಂದರೆ ಒಂದೇ ಹೆಸರು. ಜಯಪ್ಪ. ಕಾಫಿ ಹೂವಿಗೆ ನೀರು ಹಾರಿಸುವ ಆ ಒಂದು ತಿಂಗಳಂತೂ ಅವನು ಮದುಮಗನಿದ್ದಂತೆ. ಒಂದು ತೋಟದ ಜೀಪು ಇಳಿಸಿ ಹೋಗುವಷ್ಟರಲ್ಲಿ ಇನ್ನೊಂದು ತೋಟದ ಜೀಪು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು.

ಅವನೇ ಹಾಕಿಕೊಂಡ ಒಂದು ರೂಢಿಯಿತ್ತು. ಪಂಪು ಜೋಡಿಸಿ ಮುಗಿದು, ಪೈಪಿನ ಬಾಯಿಗೆ ಮೊದಲ ನೀರು ಬಂದ ಕೂಡಲೇ ಒಂದು ಬೊಗಸೆ ಹಿಡಿದು ಕುಡಿಯುತ್ತಿದ್ದ. ಕೆಸರಿರಲಿ, ಎಣ್ಣೆಯ ವಾಸನೆಯಿರಲಿ. "ನಾ ಮಾಡಿದ ಕೆಲಸದ ನೀರು ನಾನೇ ಕುಡೀದಿದ್ರೆ, ಊರೋರು ಯಾಕೆ ಕುಡೀಬೇಕು?" ಎನ್ನುತ್ತಿದ್ದ. ಇನ್ನೂ ಒಂದು ಮಾತು ಅವನ ಬಾಯಲ್ಲಿ ಸದಾ ಇತ್ತು: "ಗ್ರೀಸ್ ಕಾಣದ ರಬ್ಬರು, ಎಣ್ಣೆ ಕಾಣದ ಕೂಸು, ಎರಡೂ ಒಂದೇ ಕಣ್ರಪ್ಪಾ." ಮೂವತ್ತು ವರ್ಷ ಪಂಪುಗಳ ಮಟ್ಟಿಗೆ ಆ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ. ಅದೇ ಕೆಡುಕಾಯಿತು.

ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಒಂದು ರೆಸಾರ್ಟು. ಅದಕ್ಕೆ ಗೋವಾದಿಂದ ಹಳೇ ಮಾಲಾಗಿ ಬಂದ ಒಂದು ಬಿಳಿ ಬೋಟು. ಎಂಜಿನ್ನು ಬೋಟಿನ ಹೊಟ್ಟೆಯೊಳಗೆ, ರೆಕ್ಕೆ ತಿರುಗುವ ಭಾಗ ಹೊರಗೆ ನೀರಿನಲ್ಲಿ, ಬಾಲದ ಹಾಗೆ. ಎಲ್ಲರೂ ಅದನ್ನು ಬಾಲವೆಂದೇ ಕರೆಯುತ್ತಿದ್ದರು. ಒಳಗಿನ ಎಂಜಿನ್ನಿನಿಂದ ಹೊರಗಿನ ಬಾಲಕ್ಕೆ ಶಾಫ್ಟು ಹಾದುಬರಲು ಬೋಟಿನ ಬೆನ್ನಿಗೆ ತೂತು ಕೊರೆದಿರಲೇಬೇಕಲ್ಲ? ಆ ತೂತಿನಿಂದ ನೀರು ನುಗ್ಗದಂತೆ ಶಾಫ್ಟಿನ ಸುತ್ತ ಮಡಿಕೆ ಮಡಿಕೆಯಾದ ಒಂದು ರಬ್ಬರು, ಕಮ್ಮಾರನ ತಿದಿಯಂಥದ್ದು. ಎರಡು ಬಾಯಿ, ಬಾಯಿಗೊಂದು ಕ್ಲಾಂಪು. ಬೋಟು ತಿರುಗಿದಾಗೆಲ್ಲ ಆ ತಿದಿಯೂ ಹಿಗ್ಗಿ ಕುಗ್ಗಿ ಜೊತೆಗೇ ತಿರುಗಬೇಕು. ಬೋಟಿನಲ್ಲಿ ಕೂತ ಜೀವಕ್ಕೂ ಕೆಳಗಿನ ನೀರಿಗೂ ನಡುವೆ ಇದ್ದದ್ದು ಅದೊಂದೇ.

ಬೋಟು ಓಡಿಸುವವನು ಪದ್ಮಯ್ಯ. ಭಾಗಮಂಡಲದ ಆಚೆಯ ಅರೆಭಾಷೆ ಗೌಡರವನು, ಹದಿನಾರು ವರ್ಷದಿಂದ ಆ ಸ್ಟಿಯರಿಂಗು ಬಿಟ್ಟವನಲ್ಲ. ಬಾಲದ ರಬ್ಬರು ಬದಲಿಸಲು ಮಂಗಳೂರಿನಿಂದ ಒಬ್ಬ ಬ್ಯಾರಿ ಮೇಸ್ತ್ರಿ ಬರುತ್ತಿದ್ದ. ಎರಡು ಸಲ ಅವನು ಬಂದಾಗಲೂ ಸ್ಪ್ಯಾನರು ಕೊಡಲು ಪಕ್ಕದಲ್ಲಿ ನಿಂತವನು ಜಯಪ್ಪ. ಮೂರನೆಯ ಸಲ ಮೇಸ್ತ್ರಿ ಬರಲಿಲ್ಲ. ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ. ಮ್ಯಾನೇಜರ್ ಚೇತನ್‌ಕುಮಾರ್ ಬೇಸಗೆ ರಜೆಗೆ ಬೋಟು ಬೇಕೇ ಬೇಕು ಎಂದು ತಲೆ ಚಚ್ಚಿಕೊಳ್ಳುತ್ತಿದ್ದಾಗ ಜಯಪ್ಪ ಎದೆ ಉಬ್ಬಿಸಿದ.

"ಎಲ್ಡು ಸಲ ನೋಡಿವ್ನಿ ಸಾರ್. ಪಂಪಿಗೂ ಇದಕ್ಕೂ ಏನು, ಒಂದು ನೀರೆತ್ತತೈತೆ, ಇನ್ನೊಂದು ನೀರು ತಳ್ಳತೈತೆ. ನನಗೆ ಬಿಡಿ."

ಮಾರ್ಚಿ ಮೊದಲ ವಾರ ಬೋಟನ್ನು ಟ್ರಾಕ್ಟರಿನಲ್ಲಿ ಎಳೆದು ದಡದ ಹಲಸಿನ ಮರದಡಿ ನಿಲ್ಲಿಸಿದರು. ಬಾಲ ಬಿಚ್ಚಿ ಕೆಳಗಿಳಿಸಿ ಎಣ್ಣೆಯ ತಿರುಪು ಕಿತ್ತರೆ, ಬಂದದ್ದು ಎಣ್ಣೆಯಲ್ಲ, ಹಾಲು ಬೆರೆಸಿದ ಕಾಫಿ.

"ನೀರು ಕುಡಿದೈತೆ. ನೀರು ತಡೆಯೋ ಸೀಲು ಹೋಗೈತೆ ನೋಡು," ಎಂದ ಜಯಪ್ಪ.

"ನನಗಿಂತ ಜಾಸ್ತಿ ಕುಡಿದುಂಟು," ಎಂದ ಪದ್ಮಯ್ಯ. "ಪಾಪ, ಅದಕ್ಕಾದ್ರೆ ಮನೇಲಿ ಬೈಯುವವರು ಯಾರೂ ಇಲ್ಲ."

ಸುಳ್ಳಾಡಬಾರದು, ಆ ಮೂರು ದಿನ ಜಯಪ್ಪ ಮಾಡಿದ ಕೆಲಸ ದೇವರು ಮೆಚ್ಚುವಂಥದ್ದು. ಹಳೇ ಸೀಲುಗಳನ್ನು ಶಾಫ್ಟಿಗೆ ಒಂದು ಗೀರೂ ಬೀಳದಂತೆ ಕಿತ್ತ. ಹೊಸ ಸೀಲನ್ನು ಮರದ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದ. ಎಂಜಿನ್ ತಣಿಸಲು ನೀರೆಳೆಯುವ ಹೋಸು ಒಳಗೊಳಗೇ ಉಬ್ಬಿ ಮುಚ್ಚಿಕೊಂಡಿದ್ದನ್ನು ಕತ್ತರಿಸಿ ತೋರಿಸಿ, ಹೊಸದನ್ನು ಹಾಕಿದ. ಕೊನೆಗೆ ಉಳಿದದ್ದು ತಿದಿ.

ಕೊರಿಯರಿನಲ್ಲಿ ಬಂದ ಪೆಟ್ಟಿಗೆಯ ತಳದಲ್ಲಿ, ಹೊಸ ತಿದಿಯ ಜೊತೆ, ಬೆರಳುದ್ದದ ಒಂದು ಡಬ್ಬಿಯಿತ್ತು. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಕಪ್ಪು ಅಂಟು.

"ಇದೆಂತಕ್ಕೆ ಜಯಪ್ಪಣ್ಣ?" ಪದ್ಮಯ್ಯ ಕೇಳಿದ. "ಬ್ಯಾರಿ ಎಂತದೋ ಕಪ್ಪಗಿದ್ದದ್ದು ಬಳೀತಿದ್ದ ಅಲ್ವಾ, ತಿದಿಯ ಬಾಯಿಗೆ?"

ಬಳಿಯುತ್ತಿದ್ದುದು ನಿಜ. ಆ ಹೊತ್ತಿಗೆ ಮೇಸ್ತ್ರಿ ಎರಡು ಸಲವೂ ಜಯಪ್ಪನನ್ನು ಬೀಡಿ ತರಲು ಕಳಿಸಿದ್ದ. ಕಸುಬುದಾರರಲ್ಲಿ ಇದೇನೂ ಹೊಸದಲ್ಲ. ಕೊನೆಯ ಒಂದು ಗುಟ್ಟನ್ನು ಯಾರೂ ಕಣ್ಣೆದುರು ಮಾಡುವುದಿಲ್ಲ. ಜಯಪ್ಪನೂ ತನ್ನ ಕೈಕೆಳಗಿನವರಿಗೆ ಹಾಗೇ ಮಾಡಿದ್ದ. ಆದರೆ ಗೊತ್ತಿಲ್ಲ ಎನ್ನುವ ಮೂರಕ್ಷರದ ಮಾತನ್ನು ಪದ್ಮಯ್ಯನ ಎದುರು ಆಡಲು ಅವನಿಗೆ ಮನಸ್ಸಾಗಲಿಲ್ಲ.

"ಬಳೀತಿದ್ನಪ್ಪ, ಬಳೀದೆ ಏನು? ಅಂಟು ಹಾಕಿ ಕೂರಿಸಿದ್ರೆ ಮುಂದಿನ ಸಲ ಬಿಚ್ಚೋನು ರಬ್ಬರು ಕೊಯ್ದು ತೆಗೀಬೇಕು. ಮತ್ತೆ ಹೊಸದು ತರಿಸ್ಬೇಕು, ಅವನನ್ನೇ ಕರೀಬೇಕು. ಅದೆಲ್ಲಾ ಯಾಪಾರ."

ಬಿಡಿಸಿ ಹೇಳಿದ್ದು ಅವನಿಗೇ ನಿಜವೆನಿಸಿಬಿಟ್ಟಿತು. ತೋರುಬೆರಳ ತುಂಬ ಗ್ರೀಸು ತೆಗೆದು ತಿದಿಯ ಎರಡೂ ಬಾಯಿಗೆ, ಬಾಣಂತಿ ಕೂಸಿಗೆ ಎಣ್ಣೆ ತೀಡಿದ ಹಾಗೆ ತೀಡಿದ. ತಿದಿ ಬೆಣ್ಣೆಯಂತೆ ಜಾರಿ ಕೂತಿತು. ಕ್ಲಾಂಪು ಬಿಗಿದ. ಅಂಟಿನ ಡಬ್ಬಿ ಜೇಬಿಗೆ ಹೋಯಿತು, ಅಲ್ಲಿಂದ ಮನೆಗೆ. ಹೆಂಡತಿ ಗುರುಸಿದ್ದಮ್ಮನ ಚಪ್ಪಲಿಯ ಅಟ್ಟೆ ಬಾಯ್ಬಿಟ್ಟು ವಾರವಾಗಿತ್ತು. ಅದಕ್ಕೆ ಬಳಿದು ಮೇಲೊಂದು ಕಲ್ಲಿಟ್ಟ.

ಬೋಟು ನೀರಿಗಿಳಿದ ದಿನ ಜಯಪ್ಪನೂ ಹತ್ತಿದ. ಮೊದಲ ಸುತ್ತು ಜೋಡಿಸಿದವನದು. ಪದ್ಮಯ್ಯ ಹಿನ್ನೀರಿನ ನಡುವಿನ ಗುಡ್ಡ ಸುತ್ತಿಸಿ ತಂದ. ಜಯಪ್ಪ ಎಂಜಿನ್ನಿನ ಮುಚ್ಚಳ ತೆಗೆದು ತಳಕ್ಕೆ ಕೈಯಾಡಿಸಿದ. ಒಣ ಒಣ. ಹೊರಗೆ ಬಗ್ಗಿ ಒಂದು ಬೊಗಸೆ ನೀರು ಕುಡಿದ.

"ಹೆಂಗೆ?"

"ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಮಾರಾಯ," ಎಂದ ಪದ್ಮಯ್ಯ. "ಆದರೆ ಸೈಜು ಸಿಕ್ಕುದಿಲ್ಲ."

ಆಮೇಲಿನ ತಿಂಗಳು ಜಯಪ್ಪ ತೋಟಗಳ ಪಂಪುಗಳಲ್ಲಿ ಮುಳುಗಿಹೋದ. ಏಪ್ರಿಲ್ ನಡುವೆ, ಒಂದು ಭಾನುವಾರ, ಹನ್ನೊಂದು ಜನ ಪ್ರವಾಸಿಗರನ್ನು ಕೂರಿಸಿಕೊಂಡು ಪದ್ಮಯ್ಯ ಗುಡ್ಡದ ಆಚೆ ಬೋಟು ತಿರುಗಿಸಿದ. ಕಾದ ಗ್ರೀಸಿನ ಮೇಲೆ ತಿದಿಯ ಬಾಯಿ ತಿರುವು ತಿರುವಿಗೂ ಕೂದಲೆಳೆಯಷ್ಟು ಜಾರುತ್ತಾ ಬಂದಿತ್ತು. ಅಂದು ಕಳಚಿತು. ಅಂಗೈ ಅಗಲದ ತೂತಿನಿಂದ ನೀರು ನುಗ್ಗಿತು. ಹಿಂದೆ ಕೂತ ಮುದುಕಿಯೊಬ್ಬಳು ಕಾಲು ತಣ್ಣಗಾಯಿತು ಅಂದಾಗಲೇ ಪದ್ಮಯ್ಯನಿಗೆ ತಿಳಿದದ್ದು. ಅವನು ಕೂಗಾಡಲಿಲ್ಲ, ಎಂಜಿನ್ ನಿಲ್ಲಿಸಲೂ ಇಲ್ಲ. ಇದ್ದ ವೇಗವನ್ನೆಲ್ಲ ಕೊಟ್ಟು ಬೋಟನ್ನು ನೇರ ಗುಡ್ಡದ ಕೆಸರಿಗೆ ನುಗ್ಗಿಸಿದ. ಹನ್ನೊಂದು ಜನರೂ ಮೊಣಕಾಲುದ್ದದ ಕೆಸರಿನಲ್ಲಿ ನಡೆದು ದಡ ಸೇರಿದರು. ಹಿಂದಿನಿಂದ ಬೋಟಿನ ಬೆನ್ನು ಮುಳುಗಿತು. ಎಂಜಿನ್ನು ಸತ್ತಿತು.

ಮರುದಿನ ಮ್ಯಾನೇಜರ್ ಒಂದೇ ಮಾತು ಹಿಡಿದು ಕೂತ. ಬೇಸಗೆಯಲ್ಲಿ ನೀರಿಳಿದಾಗ ಅಣೆಕಟ್ಟಿಗೆ ಮುಂಚಿನ ಕಾಡಿನ ಬೊಡ್ಡೆಗಳು ತಲೆಯೆತ್ತುತ್ತವೆ. ಪದ್ಮಯ್ಯ ಬೊಡ್ಡೆಗೆ ಗುದ್ದಿಸಿದ್ದಾನೆ, ಎಂದು.

"ಬೊಡ್ಡೆಗೆ ತಾಗಿಲ್ಲ ಸಾರ್," ಎಂದ ಪದ್ಮಯ್ಯ. "ಹದಿನಾರು ವರ್ಷದಿಂದ ಒಂದೊಂದು ಬೊಡ್ಡೆಗೂ ಹೆಸರಿಟ್ಟಿದ್ದೇನೆ ನಾನು. ಜಯಪ್ಪಣ್ಣನ ಕರೆಸಿ. ಅವ ಬಿಚ್ಚಿ ನೋಡಿ ಹೇಳಲಿ. ಅವ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಉಂಟು."

ಜಯಪ್ಪ ಬಂದ. ಅಷ್ಟರಲ್ಲಿ ಬೋಟನ್ನು ರೆಸಾರ್ಟಿನ ದಡಕ್ಕೆ ಎಳೆದು ತಂದಿದ್ದರು; ಕೆಸರಿನಲ್ಲಿ ಅಂಗಾತ ಮಲಗಿ ಬಾಲದ ಕೆಳಗೆ ತೂರಿದ. ನೋಡಿದ ಮರುಗಳಿಗೆ ಅವನ ಬೆನ್ನಿನ ಕೆಳಗಿನ ಕೆಸರು ಮಂಜುಗಡ್ಡೆಯಾಯಿತು. ರೆಕ್ಕೆಗೆ ಒಂದು ಚೂರೂ ಪೆಟ್ಟಿಲ್ಲ. ತಿದಿ ಹರಿದಿಲ್ಲ. ಕ್ಲಾಂಪು ಬಿಗಿದದ್ದು ಬಿಗಿದಂತೇ ಇದೆ, ಅದರೊಳಗಿಂದ ತಿದಿಯ ಬಾಯಿ ಹಾವು ಪೊರೆ ಬಿಟ್ಟಂತೆ ಜಾರಿ ಹೊರಬಂದಿದೆ. ಆ ಬಾಯಿಯ ಸುತ್ತ ಫಳಫಳ ಹೊಳೆಯುವ ಗ್ರೀಸು. ಮೇಸ್ತ್ರಿಯ ಕಪ್ಪು ಅಂಟು ಎಲ್ಲಿ ಯಾಕೆ ಇರಬೇಕಿತ್ತು ಎನ್ನುವುದು ಅವನಿಗೆ ಆಗ ಹೊಳೆಯಿತು. ಆ ರಬ್ಬರು ಒಣಗಿರಬೇಕು, ಅಂಟಿ ಹಿಡಿಯಬೇಕು.

"ಏನ್ ಜಯಪ್ಪ? ಬೊಡ್ಡೆಗೆ ತಾಗಿದೆಯೋ ಇಲ್ಲವೋ?" ಮೇಲಿನಿಂದ ಮ್ಯಾನೇಜರನ ದನಿ.

ಜಯಪ್ಪನ ಕಣ್ಣ ಮುಂದೆ ಕೂಡಿಗೆಯಿಂದ ಹೆಬ್ಬಾಲೆವರೆಗಿನ ತೋಟಗಳೆಲ್ಲ ಸಾಲಾಗಿ ಬಂದು ನಿಂತವು. ತೋಟದ ಲೆಕ್ಕ ನೋಡುವ ರೈಟರುಗಳು, ಜೀಪುಗಳು, ಬೊಗಸೆ ನೀರು. ಜೇಬಿನಿಂದ ಚಿಂದಿ ತೆಗೆದು ತಿದಿಯ ಬಾಯಿಯನ್ನು ಒರೆಸಿದ. ಇನ್ನೊಮ್ಮೆ ಒರೆಸಿದ. ಆಮೇಲೆ ಎದ್ದು ಬಂದ. ಪದ್ಮಯ್ಯ ಅವನ ಮುಖವನ್ನೇ ನೋಡುತ್ತಿದ್ದ.

"ಏನೋ ತಾಗಿರಬೋದು ಸಾರ್," ಎಂದ ಜಯಪ್ಪ.

ಅಷ್ಟೇ. ತಾಗಿದೆ ಅನ್ನಲಿಲ್ಲ, ತಾಗಿಲ್ಲ ಅನ್ನಲೂ ಇಲ್ಲ. ಪೂರ್ತಿ ಸುಳ್ಳು ಹೇಳುವಷ್ಟು ಧೈರ್ಯವೂ ಅವನಿಗಿರಲಿಲ್ಲ. ಪದ್ಮಯ್ಯ ಬೋಟಿನ ಕೀಲಿಯನ್ನು ಮ್ಯಾನೇಜರನ ಕೈಗಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೆಸರು ದಾಟಿ ಹೋದ. ಹನ್ನೊಂದು ಜನರನ್ನು ಉಳಿಸಿದವನು ಹನ್ನೊಂದು ಜನರನ್ನು ಮುಳುಗಿಸಹೊರಟವನೆಂದು ಊರಿಗೆಲ್ಲ ಸುದ್ದಿಯಾದ. ಬೇರೆ ಯಾವ ರೆಸಾರ್ಟಿನವರೂ ಅವನನ್ನು ಕರೆಯಲಿಲ್ಲ.

ಮಳೆಗಾಲ ಹಿಡಿಯಿತು. ಗುರುಸಿದ್ದಮ್ಮ ಸಂತೆಯಿಂದ ನೆನೆದು ಬಂದವಳು ಜಗಲಿಯಲ್ಲಿ ಚಪ್ಪಲಿ ಬಿಡುತ್ತಾ, "ಅದೆಂಥಾ ಗಮ್ಮು ರೀ ನೀವು ಹಾಕಿದ್ದು? ಹಿಮ್ಮಡಿ ಸವೆದು ತೂತಾಗೈತೆ, ಬಾರು ಹೋಗೈತೆ, ಅಂಟಿಸಿದ ಜಾಗ ಮಾತ್ರ ಜಪ್ಪಯ್ಯ ಅಂದ್ರೂ ಬಿಟ್ಟಿಲ್ಲ," ಎಂದಳು.

ಜಯಪ್ಪ ಊಟದ ತಟ್ಟೆ ಬಿಟ್ಟೆದ್ದ. ಅಂದೇ ಮಳೆಯಲ್ಲಿ ರೆಸಾರ್ಟಿಗೆ ಹೋಗಿ ಚೇತನ್‌ಕುಮಾರನ ಮೇಜಿನ ಮುಂದೆ ನಿಂತು ಎಲ್ಲ ಹೇಳಿದ. ಅಂಟು, ಗ್ರೀಸು, ಚಿಂದಿ, ಯಾವುದನ್ನೂ ಬಿಡಲಿಲ್ಲ. ಚೇತನ್‌ಕುಮಾರ್ ಕೇಳಿ, ಬಾಗಿಲು ಹಾಕಿ ಬಂದ.

"ರೀ ಜಯಪ್ಪ, ಬೊಡ್ಡೆಗೆ ತಾಗಿದ್ದು ಅಂತ ರಿಪೋರ್ಟ್ ಹೋಗಿದೆ. ಇನ್ಶೂರೆನ್ಸ್ ದುಡ್ಡು ಪಾಸಾಗಿದೆ, ಹೊಸ ಬೋಟಿಗೆ ಆರ್ಡರೂ ಆಗಿದೆ. ಈಗ ಬಂದು ಗ್ರೀಸು ಅಂದ್ರೆ ನೀವೂ ಸಿಕ್ಕಿಬೀಳ್ತೀರಿ, ನಾನೂ ಸಿಕ್ಕಿಬೀಳ್ತೀನಿ. ನೀವು ಬಂದಿಲ್ಲ, ನಾನು ಕೇಳಿಲ್ಲ. ಟೀ ಕುಡೀತೀರಾ?"

ಹೇಳಬೇಕಾದ ದಿನ ಹೇಳದ ನಿಜವನ್ನು ಆಮೇಲೆ ಬಿಟ್ಟಿ ಕೊಟ್ಟರೂ ಯಾರೂ ಕೊಳ್ಳುವುದಿಲ್ಲ.

ಮತ್ತೆ ಆರೇಳು ತಿಂಗಳು ಹೋದವು. ಮೆಣಸು ಕುಯ್ಯುವ ಕಾಲಕ್ಕೆ ಜಯಪ್ಪ ಮಡಿಕೇರಿಗೆ ಹೋಗಿ ಭಾಗಮಂಡಲದ ಬಸ್ಸು ಹತ್ತಿದ. ಪದ್ಮಯ್ಯ ಊರಲ್ಲಿ ಯಾರದೋ ತೋಟದಲ್ಲಿ ಕೂಲಿಗೆ ಮೆಣಸು ಕುಯ್ಯುತ್ತಿದ್ದ. ಐವತ್ತೆರಡರ ಪ್ರಾಯದಲ್ಲಿ ಒಂಟಿ ಬಿದಿರಿನ ಏಣಿ ಹತ್ತಿ ಇಳಿದು ಅವನ ಅಂಗಾಲು ಬಿರಿದಿದ್ದವು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದವನು ಜಯಪ್ಪನನ್ನು ಕಂಡು ಬೆಂಚು ಒರೆಸಿ ಕೂರಿಸಿದ. ಒಳಗೆ ಹೇಳಿ ಕಾಫಿ ತರಿಸಿದ.

ಜಯಪ್ಪ ಲೋಟ ಕೈಯಲ್ಲಿ ಹಿಡಿದುಕೊಂಡೇ, "ಪದ್ಮಯ್ಯ, ಅವತ್ತು ತಿದಿ ಕಳಚಿದ್ದು ನನ್ನಿಂದ. ಗ್ರೀಸು..." ಎಂದು ಶುರು ಮಾಡಿದ.

"ಗೊತ್ತುಂಟು."

"ಚೇತನ್ ಹೇಳಿದ್ನಾ?"

"ಅವ ಎಂತಕ್ಕೆ ಹೇಳ್ತಾನೆ?" ಪದ್ಮಯ್ಯ ತನ್ನ ಬಲಗೈ ಚಾಚಿ ನೋಡಿಕೊಂಡ. "ಜನರನ್ನು ಇಳಿಸಿದ ಮೇಲೆ, ಬೋಟು ಪೂರ್ತಿ ಕೂರುವ ಮೊದಲು, ಎಲ್ಲಿಂದ ನೀರು ಬರ್ತದೆ ಅಂತ ನಾನು ಕೈ ಹಾಕಿ ನೋಡಿದ್ದೆ. ಮೊಣಕೈವರೆಗೂ ಗ್ರೀಸು ಹತ್ತಿತ್ತು."

"ಮತ್ತೆ ನೀ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಾನು ಹೇಳುದು ಬೇರೆ. ನೀವು ಹೇಳ್ತೀರಿ ಅಂತ ಕರೆಸಿದ್ದು." ಇಷ್ಟು ವರ್ಷ ನೀನು ಅಂದವನು ಈಗ ನೀವು ಅನ್ನುತ್ತಿದ್ದ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಜಯಪ್ಪ ಅಂಗಳದ ಕಡೆ ಮುಖ ತಿರುಗಿಸಿದ. ಬಾವಿಕಟ್ಟೆಯ ಪಕ್ಕದಲ್ಲಿ ಪದ್ಮಯ್ಯನ ಪುಟ್ಟ ಪಂಪು ಓಡುತ್ತಿತ್ತು. ಶಾಫ್ಟಿನ ಬುಡದಿಂದ ಬಳಬಳನೆ ನೀರು ಸುರಿದು ಅಂಗಳ ಕೆಸರಾಗಿತ್ತು. ಅದು ಜಯಪ್ಪ ನಿದ್ದೆಯಲ್ಲೂ ಮಾಡಬಲ್ಲ ಕೆಲಸ. ಅವನ ಕೈ ತಾನಾಗಿ ಚೀಲದೊಳಗೆ ಹೋಗಿ ಸ್ಪ್ಯಾನರು ಹಿಡಿಯಿತು. ಎದ್ದು ಎರಡು ಹೆಜ್ಜೆ ಇಟ್ಟ.

"ಬೇಡ ಜಯಪ್ಪಣ್ಣ," ಎಂದ ಪದ್ಮಯ್ಯ. ಏಣಿಯನ್ನು ಹೆಗಲಿಗೇರಿಸುತ್ತಿದ್ದ. "ಭಾಗಮಂಡಲದಿಂದ ಒಬ್ಬ ನಾಳೆ ಬರ್ತಾನೆ. ಹೇಳಿ ಆಗಿದೆ. ಕಾಫಿ ಆರ್ತದೆ, ಕುಡೀರಿ."

ಪದ್ಮಯ್ಯ ತೋಟದ ದಾರಿ ಹಿಡಿದು ಹೋದ. ಜಯಪ್ಪ ಕಾಫಿ ಕುಡಿದು, ಲೋಟವನ್ನು ಬಾವಿಕಟ್ಟೆಗೆ ಒಯ್ದು ತಾನೇ ತೊಳೆದಿಟ್ಟ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಆ ಪಂಪಿನ ಎದುರು ಸ್ಪ್ಯಾನರು ಹಿಡಿದು ನಿಂತೇ ಇದ್ದ. ಅರ್ಧ ಸುತ್ತು ಬಿಗಿದಿದ್ದರೆ ಸಾಕಿತ್ತು, ನೀರು ನಿಲ್ಲುತ್ತಿತ್ತು.