ಹೆಸರು ಬದಲಿಸಿ ಬರೆದ ಪ್ರಕರಣ

2005ರಲ್ಲಿ ನಾನು ಮುಂಡಗೋಡ ಕೋರ್ಟಿನಲ್ಲಿ ವಕೀಲನಾಗಿದ್ದೆ. ಹತ್ತೊಂಬತ್ತು ವರ್ಷ ಅದೇ ಹೊಲ, ಅದೇ ಬದು, ಅದೇ ಅಣ್ಣತಮ್ಮಂದಿರ ಜಗಳ ನೋಡಿ ದಣಿದಿದ್ದೆ. ಆ ವರ್ಷ ದಾಂಡೇಲಿಯ ಕಾಲೇಜೊಂದರಲ್ಲಿ ಮೀಡಿಯೇಶನ್ ಸ್ಪರ್ಧೆ ಇಟ್ಟಿದ್ದರು. ಮೀಡಿಯೇಶನ್ ಎಂದರೆ ತೀರ್ಪು ಕೊಡದೆ, ಜಗಳವಾಡುವವರು ತಾವೇ ಒಪ್ಪಂದಕ್ಕೆ ಬರುವಂತೆ ಮಾತಾಡಿಸುವುದು. ಇಬ್ಬರು ವಿದ್ಯಾರ್ಥಿಗಳು ಕಕ್ಷಿದಾರರು, ಒಬ್ಬರು ಮಧ್ಯಸ್ಥರು. ಕಾಲ್ಪನಿಕ ಪ್ರಕರಣ ಬರೆದುಕೊಟ್ಟು ಅಂಕ ಹಾಕುವ ಕೆಲಸ ನನ್ನದು.

ಹೊಸದಾಗಿ ಕಲ್ಪಿಸುವ ತ್ರಾಣ ಇರಲಿಲ್ಲ. ಮಳಗಿಯ ನನ್ನ ಕಕ್ಷಿದಾರರೊಬ್ಬರ ಫೈಲು ತೆಗೆದೆ. ಹೊಲದ ದಾರಿಗೆ ತಮ್ಮ ಬೇಲಿ ಹಾಕಿದನೆಂದು, ಅಣ್ಣನಾದ ಆ ಕಕ್ಷಿದಾರರು ಹೂಡಿದ ದಾವೆ ಅದು. ಹೆಸರು, ಊರು ಬದಲಿಸಿದೆ. ಬಾವಿ, ಹುಣಸೆಮರ, ಬೇಲಿ ಹಾಕಿದ ಸೋಮವಾರ ಹಾಗೇ ಉಳಿದವು.

ಮೂರನೇ ಸುತ್ತಿನಲ್ಲಿ ತಮ್ಮನ ಪಾತ್ರ ಗಿರಿಜಾ ಎಂಬ ಹಾಸ್ಟೆಲ್ ಹುಡುಗಿಗೆ ಬಂತು. ಬಾವಿ, ಹುಣಸೆಮರದ ಸಾಲು ಬರುತ್ತಲೇ ಅವಳು ಹಾಳೆಯನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಮಧ್ಯಸ್ಥನಾಗಿದ್ದ ವಿದ್ಯಾರ್ಥಿ, "ಬೇಲಿ ಯಾಕ ಹಾಕಿದ್ರಿ?" ಎಂದು ಮತ್ತೆ ಕೇಳಿದ.

ಅವಳು ಹಾಳೆ ಮಡಿಸಿಟ್ಟಳು. "ಹೊಲದ ಆಸೆಗೆ ಹಾಕಿಲ್ರಿ. ನಮ್ಮವ್ವ ಸತ್ತಾಗ ದೊಡ್ಡಪ್ಪ ಮಣ್ಣಿಗೆ ಬರಲಿಲ್ಲ. ಆ ಸಿಟ್ಟಿಗೆ ಅಪ್ಪ ಹಾಕ್ಯಾರ್ರಿ."

ಎರಡು ವರ್ಷ ನಡೆಸಿದ ದಾವೆಯಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಸುತ್ತು ನಿಲ್ಲಿಸಿ ಅವಳನ್ನು ಹೊರಗೆ ಕರೆದೆ. ಅವಳ ದೊಡ್ಡಪ್ಪನ ವಕೀಲ ನಾನೇ ಎಂದು ಹೇಳಿ ಕ್ಷಮೆ ಕೇಳಿದೆ. ಹೆಸರು ಬದಲಿಸಿದ್ದೆನಲ್ಲ ಎಂದೂ ಸೇರಿಸಿದೆ.

"ಹೆಸರು ಬದಲಿ ಮಾಡಿದ್ರ ಮನಿ ಬದಲಿ ಆಗ್ತೈತೇನ್ರಿ ಸರ? ನಾ ಅಂದಿದ್ದು ಕೋರ್ಟಿಗೆ ತರಬ್ಯಾಡ್ರಿ," ಎಂದಳು. ಅಳಲಿಲ್ಲ. ಬಹುಮಾನಕ್ಕೂ ನಿಲ್ಲಲಿಲ್ಲ.

ಮರುವಾರ ಅಣ್ಣನನ್ನು ಕರೆಸಿದೆ. ಅವರ ಫೈಲನ್ನು ಸ್ಪರ್ಧೆಗೆ ಬಳಸಿದ ತಪ್ಪು ಒಪ್ಪಿಕೊಂಡು, ವಕಾಲತ್ತಿನಿಂದ ಹಿಂದೆ ಸರಿದೆ. ಹುಡುಗಿಯ ಮಾತು ಹೇಳುವಂತಿರಲಿಲ್ಲ. "ಒಮ್ಮೆ ತಮ್ಮನ ಮನಿಗೆ ಹೋಗಿ ಕೂತು ಬರ್ರಿ," ಎಂದೆ.

"ಕೋರ್ಟಿನ್ಯಾಗ ನೋಡೂಣು ಬಿಡ್ರಿ," ಎಂದು ಫೈಲು ಎತ್ತಿಕೊಂಡು ಹೋದರು. ನಾಲ್ಕು ವರ್ಷದ ಮೇಲೆ ಅವರೇ ಗೆದ್ದರೆಂದು, ಬೇಲಿ ಕಿತ್ತರೆಂದು ಕೇಳಿದೆ. ಅಣ್ಣತಮ್ಮ ಮಾತ್ರ ಆಮೇಲೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲವಂತೆ.

ಮಧ್ಯಸ್ಥಿಕೆಯ ಮೊದಲ ನಿಯಮ ಗೌಪ್ಯತೆ ಎಂದು ಸ್ಪರ್ಧೆಯ ದಿನ ಬೆಳಿಗ್ಗೆ ಭಾಷಣ ಮಾಡಿದವನು ನಾನೇ. ದಣಿದವನು ಕೆಲಸ ಮುಂದೂಡಬಹುದು. ಇನ್ನೊಬ್ಬರ ಮನೆಯ ನೋವನ್ನು ಪಾಠದ ಸರಕು ಮಾಡಿಕೊಳ್ಳಬಾರದು.