ಚಿನ್ನಮ್ಮನಿಗೊಂದು ಗೋಡೆ

ಗುಮ್ಮಳಾಪುರದ ಚಿನ್ನಮ್ಮ ಸಿಟ್ಟು ಬಂದರೆ ಕೂಗಾಡುವವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿದ್ದ ಕೆಲಸವನ್ನೇ ಎರಡು ಪಟ್ಟು ಜೋರಾಗಿ ಮಾಡುವವರು. ಎಂಬತ್ತಮೂರರ ಮೇ ತಿಂಗಳ ಒಂದು ಮಧ್ಯಾಹ್ನ ಹೊಸೂರಿನ ಮಗನ ಮನೆಯ ಹಿತ್ತಲಲ್ಲಿ, ಮೊಮ್ಮಗಳ ಅಂಗೈಯಗಲದ ಲಂಗೋಟಿಗಳನ್ನು ಅವರು ಕಂಬಳಿ ಒಗೆದ ಹಾಗೆ ಬಡಿಯುತ್ತಿದ್ದರು. ಸೊಸೆ ಆದಿಲಕ್ಷ್ಮಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳ ತಲೆಯ ತುಂಬ ಗೋಡೆಯೇ ಇತ್ತು.

ಗೋಡೆಯ ವಿಷಯ ಹುಟ್ಟಿದ್ದು ಆ ಮೊಮ್ಮಗಳು ಪುಟ್ಟಿಯಿಂದ. ಆದಿಲಕ್ಷ್ಮಿ ಹೊಸೂರಿನ ತಮಿಳು ಶಾಲೆಯೊಂದರಲ್ಲಿ ಮೂರನೇ ತರಗತಿಯ ಟೀಚರು. ಜೂನ್‌ನಲ್ಲಿ ಶಾಲೆ ತೆರೆದರೆ ಹೋಗಲೇಬೇಕು. ಗಂಡ ವೆಂಕಟಾಚಲನಿಗೆ ಲಾರಿ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಅವನು ಮನೆಯಲ್ಲಿದ್ದರೆ ನಿದ್ದೆಯಲ್ಲಿರುತ್ತಾನೆ. ಇನ್ನೂ ತೆವಳುವ ಮಗುವನ್ನು ನೋಡಿಕೊಳ್ಳುವವರು ಯಾರು? ಅತ್ತೆ ಬಂದು ನಿಲ್ಲಬೇಕು, ಇಲ್ಲವೇ ಆದಿಲಕ್ಷ್ಮಿ ಕೆಲಸ ಬಿಡಬೇಕು. "ಬಿಟ್ರೆ ಏನಾಯ್ತು ಬಿಡಮ್ಮ" ಎಂದವರು ಬೇಕಾದಷ್ಟು ಮಂದಿ ಇದ್ದರು. ಅವಳಿಗೆ ಮಾತ್ರ ಅದು ಆಗದ ಮಾತು. ಮಗುವೂ ಬೇಕು, ಸೀಮೆಸುಣ್ಣದ ಧೂಳೂ ಬೇಕು. ಇದರಲ್ಲಿ ಯಾವುದು ಹೆಚ್ಚು ಎಂದು ಕೇಳುವವರ ಜೊತೆ ಅವಳು ಮಾತೇ ಆಡುತ್ತಿರಲಿಲ್ಲ.

ಚಿನ್ನಮ್ಮನನ್ನು ಕರೆತರುವುದು ಸುಲಭವಿರಲಿಲ್ಲ. ನಾಟ್ರಾಂಪಾಳ್ಯದ ಗುಡ್ಡದ ಕಡೆಯಿಂದ ಗುಮ್ಮಳಾಪುರಕ್ಕೆ ಸೊಸೆಯಾಗಿ ಬಂದ ಹೆಂಗಸು. ಚಿಕ್ಕ ಮಗ ಶ್ಯಾಮಣ್ಣ ಇನ್ನೂ ತೊಟ್ಟಿಲಲ್ಲಿರುವಾಗಲೇ ಗಂಡ ಪಾಪಯ್ಯ ತೀರಿಕೊಂಡ. ಮೈದುನಂದಿರು ಬಂದು, "ನಮ್ ಜೊತೇಲೇ ಇದ್ಬುಡು, ಒಂದ್ ತುತ್ತಿಗೇನು ಕಮ್ಮಿ" ಎಂದಾಗ, "ಆ ತುತ್ತು ನಾನೇ ಮಾಡ್ಕತೀನಿ, ಮಜ್ಜಿಗೆ ಕುಡ್ಕಂಡ್ ಹೋಗ್ರಪ್ಪ" ಎಂದು ಕಳಿಸಿದ್ದರಂತೆ. ರಾಗಿ ಬೆಳೆದರು, ಹುರುಳಿ ಬೆಳೆದರು, ಹಾಲು ಮಾರಿದರು, ಇಬ್ಬರು ಗಂಡುಮಕ್ಕಳನ್ನು ದಡ ಸೇರಿಸಿದರು. ಅವರಿಗೆ ಹಾವು ಕಂಡರೆ ಭಯವಿಲ್ಲ, ಕತ್ತಲೆ ಕಂಡರೆ ಭಯವಿಲ್ಲ. 'ಚಿನ್ನಮ್ಮ ಈಗ ಮಗನ ಮನೇಲಿ ಬಿದ್ದವ್ಳೆ' ಎಂದು ಊರಲ್ಲಿ ಯಾರಾದರೂ ಅಂದಾರೆಂಬುದೊಂದೇ ಭಯ.

ಅದಕ್ಕೇ ಅವರ ಷರತ್ತು ಖಚಿತವಾಗಿತ್ತು. "ಹಾಲ್‌ನಾಗೆ ಬಿದ್ಕಳಾಕೆ ನನ್ ಕೈಲಾಗಕಿಲ್ಲ ಕಣಮ್ಮ. ನಿನ್ ಗಂಡ ಶಿಫ್ಟ್ ಮುಗುಸ್ಕಂಡು ಬಂದು ನನ್ ಕಾಲ್ ತುಳೀತಾನೆ. ನಂದು ಅಂತ ಒಂದ್ ಮೂಲೆ ಮಾಡ್ಕೊಡು. ಗೋಡೆ ಇರ್ಬೇಕು, ಬಾಗ್ಲಿರ್ಬೇಕು. ಇದ್ಬುಡ್ತೀನಿ."

ಮೂಲೆ ಇತ್ತು, ಗೋಡೆ ಇರಲಿಲ್ಲ. ಮನೆಯ ಹಿಂದೆ ಕಲ್ಲುಕಂಬಗಳ ಮೇಲೆ ನಿಂತ ಒಂದು ಜಗಲಿ. ಇಟ್ಟಿಗೆ ಏರಿಸೋಣವೆಂದು ಮೇಸ್ತ್ರಿ ದಾಸಪ್ಪನನ್ನು ಕರೆದರೆ ಆತ ಕಾಲಲ್ಲಿ ನೆಲ ಕೆದಕಿ, "ಕೆಳಗೆ ಪಾಯಾನೇ ಇಲ್ಲ ಟೀಚರಮ್ಮ. ಇಟ್ಟಿಗೆ ಇಟ್ರೆ ಜಗಲಿ ಹಂಗೇ ಕೂತ್ಕಂಬುಡ್ತದೆ. ತೆಳ್ಳಗೆ ಏನಾದ್ರೂ ಹೊಡ್ಕಳಿ" ಎಂದು ಬೀಡಿ ಹಚ್ಚಿದ.

ತೆಳ್ಳಗಿನದು ಎಂದರೆ ಎರಡೇ. ಒಂದು, ನಾರು ಬೆರೆಸಿ ಮಾಡಿದ ಸಿಮೆಂಟ್ ಶೀಟು. ಇನ್ನೊಂದು, ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ ದಪ್ಪ ಬೋರ್ಡು. ಹೊಸೂರಿಗೆ ಫ್ಯಾಕ್ಟರಿಗಳು ಬಂದ ಮೇಲೆ ಬಾಗಲೂರು ರಸ್ತೆಯ ಅಂಗಡಿಗಳಲ್ಲಿ ಇವೆರಡೂ ರಾಶಿ ಬಿದ್ದಿರುತ್ತಿದ್ದವು. ಅಂಗಡಿಯವನು ತಮಿಳಿನಲ್ಲಿ, "ಅಟ್ಟೈ ಪೋಡುಂಗ ಟೀಚರ್, ನಲ್ಲಾ ಇರುಕ್ಕುಂ" ಎಂದು, ಇದನ್ನೇ ಹಾಕಿ ಚೆನ್ನಾಗಿರುತ್ತದೆ ಎನ್ನುತ್ತ, ಬೋರ್ಡನ್ನು ತಟ್ಟಿ ತೋರಿಸಿದ. ಅಟ್ಟೈ ಎಂಬ ಆ ಹೆಸರು ಆದಿಲಕ್ಷ್ಮಿಗೆ ಹೊಸದಲ್ಲ. ಅವಳ ಶಾಲೆಯಲ್ಲಿ ಪರೀಕ್ಷೆ ಬರೆಯುವಾಗ ಹಾಳೆಯ ಅಡಿಗಿಡುವ ರಟ್ಟಿಗೂ ಅದೇ ಹೆಸರು. ದಿನವೂ 'ಅಟ್ಟೆ ತಂದ್ಯಾ, ಅಟ್ಟೆ ಎಲ್ಲಿ' ಎಂದು ಕೇಳಿ ಕೇಳಿ ಆ ಪದ ಅವಳ ನಾಲಿಗೆಯಲ್ಲಿ ಮನೆ ಮಾಡಿತ್ತು. ಎರಡರದೂ ಒಂದೊಂದು ತುಂಡು ಕೇಳಿ ತಂದಳು.

ವೆಂಕಟಾಚಲನಿಗೆ ಬೋರ್ಡೇ ಆಗಬೇಕು. ಮೊಳೆ ಹೊಡೆಯಬಹುದು, ಬಣ್ಣ ಬಳಿಯಬಹುದು, ನೋಡಲು ಮರದ ಮನೆಯ ಹಾಗಿರುತ್ತದೆ. ಆದಿಲಕ್ಷ್ಮಿಗೆ ಸಿಮೆಂಟ್ ಶೀಟಿನ ಕಡೆ ಒಲವು. ಜಗಲಿಗೆ ಪಡುವಣದ ಮಳೆ ನೇರ ಹೊಡೆಯುತ್ತದೆ. ಹಿತ್ತಲ ಕೆಮ್ಮಣ್ಣಿನಲ್ಲಿ ಗೆದ್ದಲು ಬೇರೆ.

ಅವಳು ಎರಡೂ ತುಂಡುಗಳನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿಟ್ಟಳು. ಮೂರನೆಯ ದಿನ ತೆಗೆದರೆ ಶೀಟು ಹಾಕಿದ ಹಾಗೇ ಇತ್ತು. ಬೋರ್ಡಿನ ಅಂಚು ಮಾತ್ರ ನೆನೆದ ಬನ್ನಿನ ಹಾಗೆ ಊದಿಕೊಂಡಿತ್ತು.

"ನೋಡಿದ್ರಾ?" ಎಂದಳು.

"ನಮ್ಮನೆ ಗೋಡೇನ ಬಕೆಟ್ನಲ್ಲಿ ಕಟ್ತೀಯೇನೇ?" ಎಂದ ವೆಂಕಟಾಚಲ, ಸಿಮೆಂಟ್ ತುಂಡನ್ನು ಬಿಸಿಲಿಗಿಟ್ಟು, ಆಮೇಲೆ ಅವಳ ಕೈಯನ್ನು ಅದರ ಮೇಲಿಡಿಸಿದ. ರೊಟ್ಟಿ ಹಂಚಿನಂತೆ ಕಾದಿತ್ತು. ಸಾಲದೆಂದು ಒಂದು ಮೊಳೆ ಹೊಡೆದು ತೋರಿಸಿದ. ಶೀಟು ಎರಡು ಹೋಳಾಯಿತು. "ಇದರೊಳಗೆ ನಮ್ಮಮ್ಮನ್ನ ಕೂರಿಸಿ ಬೇಯಿಸ್ತೀಯಾ?"

"ತೂತು ಕೊರೆದು ಮೊಳೆ ಹೊಡೀಬೇಕು, ಹಂಗೆ ಗುದ್ದಿದ್ರೆ ನಿಮ್ ತಲೇನೂ ಒಡೆಯುತ್ತೆ!"

ಹೀಗೆ ವಾರವೇ ಕಳೆಯಿತು. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು. ಮನೆ ನೋಡಿಹೋಗಲು ಬಂದಿದ್ದ ಚಿನ್ನಮ್ಮ ಒಳಗಿನಿಂದ ಒಗೆಯುವ ಬಟ್ಟೆ ಎತ್ತಿಕೊಂಡು ಬರುತ್ತಿದ್ದರು. ಆದಿಲಕ್ಷ್ಮಿಗೆ ಸಾಕಾಗಿಹೋಗಿತ್ತು.

"ಸರಿ ಬಿಡಿ, ಇನ್ನು ಈ ಪಂಚಾಯ್ತಿ ಬೇಡ. ಅತ್ತೆಗೆ ಅಟ್ಟೆನೇ ಸರಿ!"

"ನಾನು ಮೊದಲಿಂದ ಅದನ್ನೇ ಹೇಳ್ತಿಲ್ವಾ?" ಎಂದ ಮಗ.

"ನಾಲ್ಕು ಸಾಕಾಗುತ್ತಾ?"

"ನಾಲ್ಕು ಯಾವ ಮೂಲೆಗೆ? ಎಂಟಾದ್ರೂ ಬೇಕು. ಒಂದು ಕಡೆಯಿಂದ ಹಾಕ್ಕೊಂಡು ಬರೋಣ."

ಆಮೇಲೆ ಹಿತ್ತಲಿನಿಂದ ಲಂಗೋಟಿ ಬಡಿಯುವ ಸದ್ದು ಕೇಳಿಸಿದ್ದು. ಬಟ್ಟೆ ಹರವಿ ಒಳಗೆ ಬಂದ ಚಿನ್ನಮ್ಮ ಗಂಟು ಕಟ್ಟಿದರು. "ನಮ್ ಹಸು ಗೌರಿ ಕರಾ ಹಾಕೋ ಹೊತ್ತು. ಊರ್ಗೋಯ್ತೀನಿ."

"ಯಾವಾಗ ಬರ್ತೀರತ್ತೆ?"

"ಬತ್ತೀನಿ, ಬತ್ತೀನಿ" ಎಂದರು ಬಾಗಿಲಿನ ಕಡೆ ನೋಡುತ್ತ. ಪುಟ್ಟಿಯ ತಲೆ ನೇವರಿಸಿದರು, ಸೊಸೆಯ ಮುಖ ನೋಡಲಿಲ್ಲ.

ಎರಡು ದಿನದ ಮೇಲೆ, ಕಾಂಪೌಂಡಿನಾಚೆ ಅಕ್ಕಿ ಆರಿಸುತ್ತಿದ್ದ ಪಕ್ಕದ ಮನೆಯ ಮುನಿರತ್ನಮ್ಮ ಆದಿಲಕ್ಷ್ಮಿಯನ್ನು ಮೇಲಿಂದ ಕೆಳಗೆ ನೋಡಿ, "ಓದಿದೋರು ಅಂತ ತಿಳ್ಕಂಡಿದ್ದೆ ಕಣಮ್ಮ" ಎಂದರು.

"ಯಾಕ್ರೀ?"

"ಬಸ್ಸಿಗೆ ಹೋಗೋವಾಗ ನಿಮ್ಮತ್ತೆ ಇಲ್ಲೇ ನಿಂತ್ಕಂಡು ಕಣ್ಣೀರ್ ಹಾಕುದ್ರು. ಸೊಸೆ ಅಟ್ಟೇಲಿ ಹೊಡೀತೀನಿ ಅಂದ್ಲಂತೆ. ಮಗ ನಿಂತ್ಕಂಡು, ನಾಲ್ಕ್ ಸಾಲ್ದು, ಎಂಟು ಹಾಕು ಅಂದ್ನಂತೆ!"

ಆದಿಲಕ್ಷ್ಮಿ ಆ ಊಟದ ಹೊತ್ತಿನ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಅಟ್ಟೆ! ಅವಳಿಗೆ ಅದು ಶಾಲೆಯ ರಟ್ಟು. ಗುಮ್ಮಳಾಪುರದಲ್ಲಿ ಅಟ್ಟೆ ಎಂದರೆ ಸವೆದ ಚಪ್ಪಲಿ. ಬಸ್ಸಿನ ಕಂಡಕ್ಟರನೊಡನೆ ಜಗಳವಾಡುವಷ್ಟೇ ತಮಿಳು ಬರುವ ಚಿನ್ನಮ್ಮನಿಗೆ ರಟ್ಟಿನ ಅಟ್ಟೆ ಗೊತ್ತಾಗುವುದು ಹೇಗೆ? ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳು. ಯಾರ ತುತ್ತಿಗೂ ಕೈಯೊಡ್ಡದೆ ಬಾಳಿದ ಹೆಂಗಸು, ಮಗನ ಬಾಯಲ್ಲಿ ಆ ಮಾತು ಕೇಳಿದೆನೆಂದುಕೊಂಡು, ಮೊಮ್ಮಗಳ ಬಟ್ಟೆಯನ್ನೂ ಒಗೆದು ಹರವಿ ಹೋಗಿದ್ದರು.

ಮಾರನೆಯ ಬೆಳಿಗ್ಗೆಯೇ ಪುಟ್ಟಿಯನ್ನು ಸೊಂಟಕ್ಕೆ ಏರಿಸಿ, ಊದಿಕೊಂಡ ಬೋರ್ಡಿನ ತುಂಡನ್ನು ಚೀಲಕ್ಕೆ ಹಾಕಿ ತಳಿ ಊರಿನ ದಾರಿಯ ಬಸ್ಸು ಹತ್ತಿದಳು. ಗುಮ್ಮಳಾಪುರದಲ್ಲಿ ಇಳಿದರೆ ಬೀದಿಯ ಹೆಂಗಸರೆಲ್ಲ ಅವಳ ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತರು. ಶ್ಯಾಮಣ್ಣ ಅತ್ತಿಗೆಯನ್ನು ಕಂಡವನೇ, "ಹಸು ನೋಡ್ಕಂಬತ್ತೀನಿ" ಎಂದು ಜಾರಿಕೊಂಡ.

ಚಿನ್ನಮ್ಮ ಮಗುವಿಗೆ ಮಾತ್ರ ಕೈ ಚಾಚಿದರು. "ಬಾರೇ ಬಂಗಾರಿ. ನೀನೊಬ್ಳೇ ಬಂದ್ಯಾ?"

ಆದಿಲಕ್ಷ್ಮಿ ಚೀಲದಿಂದ ತುಂಡು ತೆಗೆದು ಅವರ ಮುಂದಿಟ್ಟಳು. "ಅತ್ತೆ, ಇದೇ ಅಟ್ಟೆ."

"ಏನಿದು?"

"ಅಟ್ಟೆ. ತಮಿಳಲ್ಲಿ ರಟ್ಟಿಗೆ ಹಂಗಂತಾರೆ. ನಿಮ್ಮ ಮೂಲೆಗೆ ಗೋಡೆ ಮಾಡಕ್ಕೆ ಇದನ್ನ ತರೋಣ ಅಂದೆ. ಎಂಟು ಬೋರ್ಡು ಬೇಕು ಅಂದ್ರು ಅವರು."

ಚಿನ್ನಮ್ಮ ತುಂಡನ್ನು ತಿರುಗಿಸಿ ನೋಡಿದರು. ಮೂಸಿದರು. ಅವರ ಮುಖದಲ್ಲಿ ವಿಷಯ ಮೆಲ್ಲಗೆ ಇಳಿಯುವುದು ಕಾಣುತ್ತಿತ್ತು. ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯೋ ನಿನ್ ಮನೆ ಕಾಯ್ವಾಗ! ಇದ್ನ ಹಲ್ಗೆ ಅನ್ನಾಕೇನು ಬಂದಿತ್ತೇ ನಿಂಗೆ? ಊರಿಗೆಲ್ಲ ಹೇಳ್ಬುಟ್ಟಿವ್ನಲ್ಲೇ ನಾನು!"

"ತಪ್ಪಾಯ್ತತ್ತೆ. ಬೇಡ ಬಿಡಿ, ಸಿಮೆಂಟ್ ಶೀಟೇ ಹಾಕಿಸ್ತೀನಿ. ನಂಗೂ ಅದೇ ಇಷ್ಟ. ಮಳೆಗೆ ತಡೆಯುತ್ತೆ, ಗೆದ್ದಲು ತಿನ್ನಲ್ಲ."

"ಸುಮ್ಕಿರು!" ಚಿನ್ನಮ್ಮ ದನಿ ತಗ್ಗಿಸಿದರು. "ಈಗ ಸಿಮೆಂಟ್ ಹಾಕುಸುದ್ರೆ ಇವ್ರೆಲ್ಲ ಏನಂತಾರೆ? ಚಿನ್ನಮ್ಮ ಹೇಳಿದ್ದು ದಿಟ, ಸೊಸೆ ಹೆದ್ರುಕಂಡು ಮಾತ್ ಬದಲಾಯ್ಸುದ್ಲು ಅಂತಾರೆ. ಅಟ್ಟೆನೇ ಹಾಕ್ಸು. ಎಲ್ರೂ ಬಂದ್ ನೋಡ್ಲಿ."

ಬಾಗಿಲ ಹೊರಗೆ ನಿಂತವರಿಗೆ ಕೇಳುವಂತೆ ತುಂಡನ್ನೆತ್ತಿ ಹಿಡಿದು, "ನೋಡ್ರೇ, ನನ್ ಸೊಸೆ ನಂಗೆ ಹಾಕೋ ಅಟ್ಟೆ!" ಎಂದರು. ಬೀದಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಆದಿಲಕ್ಷ್ಮಿ ಬೋರ್ಡಿಗೆ ಒಪ್ಪಿದಳು, ಆದರೆ ತನ್ನ ಷರತ್ತುಗಳ ಮೇಲೆ. ಬೋರ್ಡು ನೆಲಕ್ಕೆ ತಾಗದಂತೆ ದಾಸಪ್ಪ ಕೆಳಗೆ ಒಂದೇ ಒಂದು ವರಸೆ ಇಟ್ಟಿಗೆ ಇಟ್ಟ. ಅಷ್ಟನ್ನು ಜಗಲಿ ಹೊತ್ತುಕೊಂಡಿತು. ಕತ್ತರಿಸಿದ ಪ್ರತಿ ಅಂಚಿಗೂ ಅವಳೇ ಕೂತು ಬಣ್ಣ ಕುಡಿಸಿದಳು. ಸೂರನ್ನು ಮುಂದಕ್ಕೆ ಚಾಚಿಸಿದಳು. ಬಾಗಿಲಿನ ಹತ್ತಿರದ ಒಂದು ಅಂಚನ್ನು ಮಾತ್ರ ವೆಂಕಟಾಚಲ ತಾನೇ ಬಳಿಯುತ್ತೇನೆಂದು ಹೇಳಿ ಹಾಗೇ ಬಿಟ್ಟಿದ್ದ. ಮೊದಲ ಮಳೆಗೇ ಅದು ಊದಿಕೊಂಡು ಬಾಗಿಲು ಕಚ್ಚಿಕೊಂಡಿತು. "ಏನ್ಲಾ ಬಕೆಟ್ಟು ಇಲ್ಲಿಗೇ ಬಂತಲ್ಲೋ!" ಎಂದು, ಸೊಸೆಯಿಂದ ಬಕೆಟ್ಟಿನ ಕತೆ ಕೇಳಿದ್ದ ತಾಯಿ ಒಳಗಿನಿಂದಲೇ ಕೂಗಿದರು. ಅವನು ಅಂಚನ್ನು ಕೆತ್ತಿ ಬಣ್ಣ ಬಳಿದ.

ಶಾಲೆ ತೆರೆದ ದಿನ ಆದಿಲಕ್ಷ್ಮಿಗೆ ಪಾಠದ ಮೇಲೆ ಅರ್ಧ ಮನಸ್ಸು. ಮಗು ಹಾಲು ಕುಡಿಯಿತೋ ಇಲ್ಲವೋ, ಅತ್ತುಬಿಟ್ಟಿತೋ ಏನೋ. ಸಂಜೆ ಓಡೋಡಿ ಬಂದು ಜಗಲಿಯ ಬಾಗಿಲು ತಳ್ಳಿದರೆ, ಬೋರ್ಡಿಗೆ ಬೆನ್ನು ಕೊಟ್ಟು ಕೂತ ಚಿನ್ನಮ್ಮನ ಮಡಿಲಲ್ಲಿ ಪುಟ್ಟಿ ಬಾಯಿ ತೆರೆದು ಮಲಗಿತ್ತು.

"ಯಾಕಮ್ಮ ಹಂಗೆ ನುಗ್ತೀಯಾ? ಈಗ್ ತಾನೆ ಮಲಗವ್ಳೆ" ಎಂದು ಚಿನ್ನಮ್ಮ ಪಿಸುಗುಟ್ಟಿದರು. "ನಮ್ ರೂಮಿಗೆ ಬರೋವಾಗ ಬಾಗ್ಲು ತಟ್ಟಿ ಬರೋದು ಕಲ್ತ್ಕ."