ಮಂಚಕ್ಕೆ ಸ್ವಿಚ್ಚು ಕಟ್ಟಿದವರು

ಗೋಡೆ ಕೊರೆದು ಮುಗಿಸಿ ಹೊರಗೆ ಬಂದು ನಿಂತರೆ ಅವರ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಸಿಮೆಂಟಿನ ಪುಡಿಯಲ್ಲಿ ಬೆಳ್ಳಗಾಗಿರುತ್ತಿದ್ದವು. ಕೊರಳಲ್ಲಿ ಬೆವರು ಇಳಿದ ಜಾಗದಲ್ಲಿ ಮಾತ್ರ ಕಪ್ಪು ಗೆರೆಗಳು. ಕೆಂಪು ಕಣ್ಣುಗಳನ್ನು ಪಿಳಿಪಿಳಿ ಮಾಡುತ್ತಾ, ತಲೆಕೆಳಗು ಮಾಡಿದ ಪೇಂಟ್ ಡಬ್ಬಿಯ ಮೇಲೆ ಕೂತು, ಮೊದಲು ಒಂದಿಷ್ಟು ಕೆಮ್ಮಿ, ಆಮೇಲೆ ನೀರು ಕೇಳುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನು ಎಷ್ಟು ಸಲ ಹೇಳಿದೆನೋ. "ಕಟ್ಕೊಂಡ್ರೆ ಉಸಿರು ಕಟ್ತೈತ್ರಿ ಮೇಡಂ. ಕಟ್ಕಳದಿದ್ರೂ ಕಟ್ತೈತೆ. ಯಾವ್ದಾದ್ರೂ ಒಂದು" ಎನ್ನುತ್ತಿದ್ದರು.

ನಾವು ಅವರನ್ನು ವೈರಿಂಗ್ ಅಣ್ಣ ಎನ್ನುತ್ತಿದ್ದೆವು. ಅರವತ್ತರ ಆಸುಪಾಸಿನವರು. ಊರು ಹರಿಹರ. ಹಿಂದೆ ಯಾವುದೋ ಕಾರ್ಖಾನೆಯಲ್ಲಿ ಇದ್ದರಂತೆ, ಅದು ಮುಚ್ಚಿದ ಮೇಲೆ ಮನೆಗಳ ವೈರಿಂಗ್ ಹಿಡಿದರು, ಡಿಶ್ ಬಂದ ಮೇಲೆ ಅದನ್ನೂ ಕಲಿತರು. ಹಳೇ ಮೊಪೆಡ್ಡಿಗೆ ಬಿಳಿ ಪೈಪುಗಳ ಕಟ್ಟನ್ನು ಉದ್ದಕ್ಕೆ ಕಟ್ಟಿಕೊಂಡು ಬರುತ್ತಿದ್ದರು. ಒಬ್ಬರೇ ಬರುತ್ತಿದ್ದರು, ಒಬ್ಬರೇ ಮಾಡುತ್ತಿದ್ದರು. ನಾನು ಹರಿಹರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ನನ್ನ ಗಂಡ ಲೋಕಿಕೆರೆಯ ಕಡೆ ಮೇಷ್ಟ್ರು. ಇಪ್ಪತ್ತೆರಡು ವರ್ಷ ದಾವಣಗೆರೆಯ ಬಾಡಿಗೆ ಮನೆಗಳಲ್ಲಿ ಇದ್ದು, ಕೊನೆಗೆ ಆವರಗೆರೆಯ ಹತ್ತಿರ ಒಂದು ಸೈಟಿನಲ್ಲಿ ಮನೆ ಎಬ್ಬಿಸಿದ್ದೆವು. ಮನೆ ಕಟ್ಟುವುದು ಸಂಭ್ರಮ ಎಂದು ಹೇಳುವವರು ಅದನ್ನು ಕಟ್ಟಿದವರಲ್ಲ ಎಂದು ನನಗೆ ಬಲವಾಗಿ ಅನ್ನಿಸಿದೆ. ಮರಳು ಬಂದರೆ ಮೇಸ್ತ್ರಿ ಇಲ್ಲ, ಮೇಸ್ತ್ರಿ ಬಂದರೆ ನೀರಿಲ್ಲ. ಬೆಳಗ್ಗೆ ಗೋಡೆಗೆ ನೀರು ಹೊಡೆದು, ಬಸ್ಸು ಹಿಡಿದು, ಸಂಜೆ ಬಂದು ಮತ್ತೆ ನೀರು ಹೊಡೆದು, ಆಮೇಲೆ ಬಾಡಿಗೆ ಮನೆಗೆ ಹೋಗಿ ಅತ್ತೆಯನ್ನು ನೋಡಿಕೊಳ್ಳಬೇಕಿತ್ತು.

ಅತ್ತೆಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗೈ, ಬಲಗಾಲು ಹೋಗಿದ್ದವು, ಮಾತೂ ಹೋಗಿತ್ತು. ಎಡಗೈ ಮಾತ್ರ ಗಟ್ಟಿ. ಆ ಕೈಯಲ್ಲಿ ಒಂದು ಸ್ಟೀಲ್ ಲೋಟ ಹಿಡಿದು ಮಂಚಕ್ಕೆ ಬಡಿದು ನನ್ನನ್ನು ಕರೆಯುತ್ತಿದ್ದರು. ನೀರಿಗೆ, ಹೊರಳಿಸುವುದಕ್ಕೆ, ಬೆಡ್‌ಪ್ಯಾನಿಗೆ, ಎಲ್ಲಕ್ಕೂ ಅದೇ ಲೋಟ. ಆ ಶಬ್ದ ಬಸ್ಸಿನಲ್ಲಿ ಕೂತಾಗಲೂ ನನ್ನ ಕಿವಿಯಲ್ಲಿ ಇರುತ್ತಿತ್ತು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು, ಉಳಿದದ್ದು ನನ್ನದು.

ಮನೆಗೆ ಗೋಡೆ ಎದ್ದು, ಸ್ಲ್ಯಾಬ್ ಬಿದ್ದು, ಪ್ಲಾಸ್ಟರ್ ಆಗುವ ಮೊದಲು ವೈರಿಂಗ್ ಅಣ್ಣ ಬಂದರು. ಎಲ್ಲಿ ಏನು ಬೇಕು ಎಂದು ನಾನು ಆಫೀಸಿನ ರೀತಿಯಲ್ಲಿ ಒಂದು ಪಟ್ಟಿ ಮಾಡಿಕೊಟ್ಟೆ. ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಹೇಳಿದರು: "ಇದಿರ್ಲಿ. ನೀವು ಈ ಮನೇಲಿ ಒಂದಿನ ಬದುಕಿ ತೋರ್ಸ್ರಿ."

ಅದು ಅವರ ಕ್ರಮ. ಬಾಗಿಲಿಲ್ಲದ ಬಾಗಿಲಿನಿಂದ ನಮ್ಮನ್ನು ಒಳಗೆ ಬರಿಸಿದರು. ಚಪ್ಪಲಿ ಬಿಡುವ ಹಾಗೆ ಬಿಡಬೇಕು, ಕತ್ತಲಾಗಿದೆ ಎಂದುಕೊಂಡು ಲೈಟಿಗೆ ಕೈ ಚಾಚಬೇಕು. ಕೈ ಎಲ್ಲಿ ಹೋಯಿತೋ ಅಲ್ಲಿ ಅವರು ಇದ್ದಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಅಡುಗೆಮನೆಯಲ್ಲಿ ನಾನು ಇಲ್ಲದ ಒಲೆಯ ಮುಂದೆ ನಿಂತು ಇಲ್ಲದ ಮಿಕ್ಸಿ ತಿರುಗಿಸಿದೆ. ನನ್ನ ಗಂಡ ಇಟ್ಟಿಗೆ ರಾಶಿಯ ಮೇಲೆ ಕೂತು ಪೇಪರ್ ಓದಿದರು. ಮೈ ಕೈ ನೋಯುತ್ತಿದ್ದ ಆ ದಿನಗಳಲ್ಲಿ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ ಇರಬೇಕು.

"ಟಿವಿ ಎಲ್ಲಿ?" ಎಂದರು ವೈರಿಂಗ್ ಅಣ್ಣ.

"ಹಾಲ್‌ನಲ್ಲಿ" ಎಂದರು ನನ್ನ ಗಂಡ.

"ನೋಡೋರು ಯಾರು?"

ಹಗಲೆಲ್ಲ ನಾವಿಬ್ಬರೂ ಹೊರಗೆ. ನೋಡುವವರು ಅತ್ತೆಯೇ. ಅತ್ತೆಯ ಸ್ಥಿತಿ ಕೇಳಿ ತಿಳಿದುಕೊಂಡು, "ಹಂಗಾದ್ರೆ ಡಿಶ್ ವೈರು ಅವರ ಕೋಣೆಗೇ ಹೋಗ್ಲಿ. ಹಾಲ್‌ನಾಗ ಟಿವಿ ಓಡ್ತಿದ್ರೆ ಅವ್ರು ಗೋಡೆ ನೋಡ್ಕಂತ ಮಲಗ್ಬೇಕೇನ್ರಿ?" ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಅವರನ್ನು ಒಮ್ಮೆ ಇಲ್ಲಿಗೆ ಕರೆತನ್ನಿ ಎಂದರು.

ಆಟೋದಲ್ಲಿ ಅವರನ್ನು ಕೂರಿಸುವುದೇ ಒಂದು ಹರಸಾಹಸ, ಅಳತೆ ನಾನೇ ಹೇಳುತ್ತೇನೆ ಎಂದೆ. "ನಿಮ್ ಕೈ ಬ್ಯಾರೆ, ಅವರ ಕೈ ಬ್ಯಾರೆ. ಅವ್ರು ಬರೋ ತನಕ ಆ ಕೋಣೆ ಗೋಡೆ ಮುಟ್ಟಲ್ಲ ನಾನು" ಎಂದು ಪಕ್ಕದ ಕೋಣೆಗೆ ಹೋಗಿಬಿಟ್ಟರು. ಸಿಟ್ಟು ಬಂತು. ಆದರೂ ಮುಂದಿನ ಭಾನುವಾರ ಕರೆತಂದೆವು. ಸೆಂಟ್ರಿಂಗ್ ಹಲಗೆಗಳನ್ನು ಜೋಡಿಸಿ, ಮೇಲೆ ಹಾಸಿಗೆ ಹಾಕಿ ಮಲಗಿಸಿದೆವು. ಕೈ ಚಾಚಿ ಎಂದರೆ ಅತ್ತೆ ನಾಚಿ ಸೀರೆಯ ಸೆರಗು ಹಿಡಿದುಕೊಂಡರು. ಗಂಡಸರ ಮುಂದೆ ಮಲಗಿ ಅಭ್ಯಾಸವಿಲ್ಲದವರು. ವೈರಿಂಗ್ ಅಣ್ಣ ಒಂದು ಕ್ಷಣ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಗಂಡನ ಕೈಗೆ ಕೊಟ್ಟು, ತಮ್ಮ ಬಲಗೈಯನ್ನು ಮೈಗೆ ಬಿಗಿಯಾಗಿ ಕಟ್ಟಿಸಿಕೊಂಡರು. ಆಮೇಲೆ ಆ ಧೂಳಿನ ನೆಲದ ಮೇಲೆ, ಅತ್ತೆಯ ಹಲಗೆಯ ಪಕ್ಕದಲ್ಲಿ, ಅಂಗಾತ ಮಲಗಿ ಎಡಗೈಯಿಂದ ಗೋಡೆ ತಡಕಾಡಿದರು.

"ಇಷ್ಟು ಬರ್ತೈತೇನಮ್ಮಾ? ಇನ್ನೂ ಕೆಳಗಾ?"

ಅತ್ತೆ ಸೆರಗು ಬಿಟ್ಟರು. ಕೈ ನಿಧಾನವಾಗಿ ಮೇಲೆದ್ದು ಗೋಡೆಯನ್ನು ಮುಟ್ಟಿತು. ಅಲ್ಲಿ ಒಂದು ಗೀಟು ಬಿತ್ತು. ಲೈಟು, ಫ್ಯಾನು, ಟಿವಿ, ಮತ್ತೆ ನನ್ನ ಪಟ್ಟಿಯಲ್ಲಿ ಇಲ್ಲದ ಒಂದು ಬೆಲ್ಲು. ಒತ್ತಿದರೆ ಅಡುಗೆಮನೆಯಲ್ಲಿ ಸದ್ದಾಗಬೇಕು. ಟಿವಿ ಪಾಯಿಂಟು ಕಾಲಿನ ಕಡೆಯ ಗೋಡೆಗೆ.

ಕೆಲಸ ಮುಗಿದಾಗ ಇನ್ನೊಂದು ಅಭ್ಯಾಸ ಕಂಡೆ. ಅವರು ತಾವಾಗಿ ಯಾವ ಸ್ವಿಚ್ಚನ್ನೂ ಮೊದಲ ಸಲ ಹಾಕುತ್ತಿರಲಿಲ್ಲ. ಮನೆಯವರೇ ಹಾಕಬೇಕು. ಹತ್ತಿದ ಮೇಲೆ ಬಲ್ಬಿನ ಕಡೆ ನೋಡುತ್ತಲೂ ಇರಲಿಲ್ಲ, ಹಾಕಿದವರ ಮುಖ ನೋಡುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಪ್ಲಾಸ್ಟರ್ ಆಗಿ ಬಣ್ಣ ಬಳಿಯುವ ಹೊತ್ತಿಗೆ, ಅಡುಗೆಮನೆಯ ಗೂಡಿನಲ್ಲಿ ಇಡಬೇಕೆಂದಿದ್ದ ದೇವರನ್ನು ಸ್ಟೋರ್ ರೂಮಿಗೆ ತಂದೆವು. ಅಲ್ಲಿ ಬೆಳಕಿತ್ತು, ಕೂರಲು ಜಾಗವಿತ್ತು. ಆ ರೂಮು ಅತ್ತೆಯ ಕೋಣೆಗೆ ತಾಗಿಕೊಂಡಿತ್ತು. ಇದಕ್ಕೂ ವೈರಿಂಗಿಗೂ ಏನು ಸಂಬಂಧ ಎಂದುಕೊಂಡು ವೈರಿಂಗ್ ಅಣ್ಣನಿಗೆ ಹೇಳಲೇ ಇಲ್ಲ. ಗೃಹಪ್ರವೇಶದ ದಿನ ಮಾಯಕೊಂಡದಿಂದ ಬಂದ ನನ್ನ ನಾದಿನಿ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು, "ಅವ್ವನ ಕಾಲು ದೇವರ ಕಡೆ ಅದಾವಲ್ಲ" ಎಂದಳು. ಹೌದು, ಗೋಡೆಯ ಆಚೆಗೇ ದೇವರು. ಮನೆ ತುಂಬ ಜನ. ಎಲ್ಲರೂ ಬಂದು ಕಾಲು ನೋಡಿದರು, ಗೋಡೆ ನೋಡಿದರು. ಐದು ನಿಮಿಷದಲ್ಲಿ ನಾಲ್ಕು ಜನ ಸೇರಿ ಮಂಚವನ್ನು ಅತ್ತೆಯ ಸಮೇತ ತಿರುಗಿಸಿಟ್ಟರು. ತಲೆ ಇದ್ದಲ್ಲಿ ಕಾಲು ಬಂತು, ಕಾಲಿದ್ದಲ್ಲಿ ತಲೆ.

ಬೋರ್ಡು ಈಗ ಅವರ ಬಲಗಡೆಗೆ, ಸತ್ತ ಕೈಯ ಕಡೆಗೆ ಹೋಯಿತು. ನನಗೆ ಅದು ಆಗಲೇ ಗೊತ್ತಾಗಿತ್ತು. ಅಷ್ಟು ಜನರ ಮುಂದೆ ವಾದ ಮಾಡುವ ತ್ರಾಣ ಇರಲಿಲ್ಲ ಎಂದು ಹೇಳಬಹುದು, ಅದು ನಿಜವೂ ಹೌದು. ಆದರೆ ಪೂರ್ತಿ ನಿಜ ಅಲ್ಲ. ಬೆಲ್ಲಿದೆಯಲ್ಲ ಎಂದು ಆ ಸ್ಟೀಲ್ ಲೋಟವನ್ನು ನಾನು ಪಾತ್ರೆಗಳ ಮೂಟೆಯಲ್ಲಿ ಕಟ್ಟಿಬಿಟ್ಟಿದ್ದೆ. ಈಗ ಬೆಲ್ಲೂ ಇಲ್ಲ, ಲೋಟವೂ ಇಲ್ಲ. ಮುಂದಿನ ಎಂಟು ದಿನ ಮನೆ ಶಾಂತವಾಗಿತ್ತು. ಬಿಡುವಾದಾಗ ಹೋಗಿ ನೋಡಿ ಬರುತ್ತಿದ್ದೆ. ಒಂದು ಸಂಜೆ ಹೋದಾಗ ಹಾಸಿಗೆ ಒದ್ದೆಯಾಗಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂದಿರಲಿಲ್ಲ. ಬಟ್ಟೆ ಬದಲಿಸಿದೆ. ಅಷ್ಟಾದರೂ ಆ ನಿಶ್ಶಬ್ದ ನನಗೆ ಹಾಯೆನಿಸುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ಒಂಬತ್ತನೆಯ ದಿನ ಭಾನುವಾರ. ವೈರಿಂಗ್ ಅಣ್ಣ ಡಿಶ್ ತೆಗೆದುಕೊಂಡು ಬಂದರು. ಟಿವಿ ಎಲ್ಲಿಡಬೇಕು ನೋಡಲು ಕೋಣೆಗೆ ಕಾಲಿಟ್ಟವರು ಅಲ್ಲೇ ನಿಂತರು. ಅತ್ತೆಯನ್ನು ನೋಡಿದರು, ಬೋರ್ಡು ನೋಡಿದರು, ಅವರ ತಲೆಯ ಹಿಂದಿನ ಗೋಡೆಯಿಂದ ಹೊರಗೆ ಇಣುಕುತ್ತಿದ್ದ ಡಿಶ್ ವೈರು ನೋಡಿದರು. ನಾನು ದೇವರ ಕೋಣೆಯ ಕಥೆ ಹೇಳಿದೆ.

"ಎಷ್ಟು ದಿನ ಆತು?"

"ಎಂಟು."

"ಫೋನ್ ಮಾಡ್ಬೇಕಿತ್ತಲ್ರಿ."

"ಪುರುಸೊತ್ತು ಆಗಲಿಲ್ಲ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಸ್ವಿಚ್ಚು ಹಾಕಿದವರ ಮುಖ ನೋಡುತ್ತಿದ್ದರಲ್ಲ, ಹಾಗೆ. ಯಾರ ಮುಂದೆಯೂ ಹೇಳದ ಮಾತು ಬಾಯಿಗೆ ಬಂದುಬಿಟ್ಟಿತು: "ನನಗೆ ಸಾಕಾಗಿದೆ ಅಣ್ಣಾ. ಬೆಲ್ ಹಾಕಬೇಡಿ. ಇಡೀ ದಿನ ಒತ್ತುತ್ತಾರೆ."

ಬೈಯುತ್ತಾರೆ ಎಂದುಕೊಂಡೆ. ಅದುವರೆಗೆ ಮೇಡಂ ಎನ್ನುತ್ತಿದ್ದವರು ಮೆಲ್ಲಗೆ ಹೇಳಿದರು: "ದಣಿದೀಯ ತಂಗಿ, ಕಾಣ್ತೈತೆ ನನಗೆ. ಅವ್ರು ಕರದ್ರೂ ನೀನು ಬರ್ಲಿಲ್ಲ ಅನ್ನೋದು ಬ್ಯಾರೆ. ಒಂದೊಂದ್ಸಲ ಹಂಗೂ ಆಗ್ತೈತೆ, ಯಾರೂ ತಪ್ಪು ತಿಳಿಯಲ್ಲ. ಕರಿಯಾಕೇ ಆಗ್ಲಿಲ್ಲ ಅನ್ನೋದು ಬ್ಯಾರೆ."

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟು ಅತ್ತುಬಿಟ್ಟೆ.

ಅಷ್ಟರಲ್ಲಿ ಅವರು ಮಂಚವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. "ಕಟ್ಟಿಗೇದು. ಕಬ್ಬಿಣದ್ದಾಗಿದ್ರೆ ಕರೆಂಟು ತರ್ತಿರಲಿಲ್ಲ ನಾನು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಗೋಡೆಯ ಬೋರ್ಡಿನಿಂದ ಉದ್ದನೆಯ ದಪ್ಪ ವೈರು ತೆಗೆದು, ಮಂಚದ ಕೆಳಗೆ ಕ್ಲಿಪ್ಪು ಹೊಡೆದು, ಎಡಗಡೆಯ ಚೌಕಟ್ಟಿಗೆ ಒಂದು ಪುಟ್ಟ ಬೋರ್ಡು ಕೂರಿಸಿದರು. ಟಿವಿಗೆ ಬೇಕಾದ ವೈರುಗಳನ್ನು ಬಿಳಿ ಪಟ್ಟಿಯೊಳಗೆ ಹಾಕಿ ಬಾಗಿಲಿನ ಮೇಲಿನಿಂದ ಸುತ್ತಿಸಿ ಎದುರಿನ ಗೋಡೆಗೆ ತಂದರು. ಹೊಸ ಬಣ್ಣದ ಮೇಲೆ ಪಟ್ಟಿ ಓಡಿದ್ದು ನೋಡಿ ನನ್ನ ಗಂಡ ಮುಖ ಕಿವುಚಿದರು.

"ಸಾರ್, ಬಣ್ಣ ನೋಡೋರು ಒಂದಿನ ಬಂದು ಹೋಗ್ತಾರೆ. ಅಮ್ಮ ದಿನಾ ಇರ್ತಾರೆ" ಎಂದರು. "ಇನ್ಮ್ಯಾಲೆ ದೇವ್ರನ್ನ ಯಾವ್ ಕೋಣೇಗಾದ್ರೂ ಒಯ್ರಿ, ಮಂಚ ಹೆಂಗಾದ್ರೂ ತಿರುಗಿಸ್ರಿ, ಸ್ವಿಚ್ಚು ಅಮ್ಮನ ಕೈ ಕಡೇನೇ ಇರ್ತೈತೆ."

ಆಮೇಲೆ ಮಾಳಿಗೆ ಹತ್ತಿದರು. ಪ್ರತಿ ನಾಲ್ಕು ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಂಡರು. ಮೇಲಿನಿಂದ ಫೋನಿನಲ್ಲಿ "ಬಂತಾ?" ಎನ್ನುವುದು, ನಾನು ಕೆಳಗಿನಿಂದ "ಇಲ್ಲ" ಎನ್ನುವುದು, "ಈಗ?", "ಇಲ್ಲ", ಅರ್ಧ ಗಂಟೆ ಇದೇ. ಕೊನೆಗೆ ಚಿತ್ರ ಬಂದಾಗ ನಾನು ಹೇಳುವ ಮೊದಲೇ ಅತ್ತೆ ಗಂಟಲಿನಿಂದ ಒಂದು ಸದ್ದು ಮಾಡಿದರು. ಅದು ಫೋನಿನಲ್ಲಿ ಮೇಲಕ್ಕೆ ಕೇಳಿಸಿತು. "ಹಾಂ, ಬಂತು" ಎಂದರು ವೈರಿಂಗ್ ಅಣ್ಣ.

ನಾನು ಹೆದರಿದ ಹಾಗೆಯೇ ಆಯಿತು. ಬೆಲ್ಲು ಹೊಡೆದುಕೊಳ್ಳುತ್ತಲೇ ಇತ್ತು. ಕೆಲವು ಸಲ ಓಡಿ ಹೋದೆ, ಕೆಲವು ಸಲ ಕಾಯಿಸಿದೆ, ಒಂದೆರಡು ಸಲ ಗದರಿದೆ.

ಮೂರು ತಿಂಗಳಾದ ಮೇಲೆ ಒಂದು ರಜೆಯ ಮಧ್ಯಾಹ್ನ. ಬೆಳಗ್ಗಿನಿಂದ ನಿಂತೇ ಇದ್ದೆ, ಪಾದ ಸುಡುತ್ತಿದ್ದವು, ಪಾತ್ರೆ ತೊಳೆಯುತ್ತಿದ್ದೆ. ಬೆಲ್ಲು ಹೊಡೆಯಿತು. ಈಗಷ್ಟೇ ನೀರು ಕೊಟ್ಟು ಬಂದಿದ್ದೇನಲ್ಲ ಎಂದು ಬಿಟ್ಟೆ. ಮತ್ತೆ ಹೊಡೆಯಿತು. ಮತ್ತೆ. ಕೈ ಒರೆಸಿಕೊಳ್ಳದೆ, ಬೈಗುಳ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಹೋದೆ.

ಟಿವಿ ಹಾಕಿತ್ತು. ಬಾಡಿಗೆ ಮನೆಯಲ್ಲಿದ್ದಾಗ ನಾನು ಕೆಲಸದ ನಡುವೆ ಬಾಗಿಲಿಗೆ ಒರಗಿ ನಿಂತು ಐದೈದು ನಿಮಿಷ ನೋಡುತ್ತಿದ್ದ ಧಾರಾವಾಹಿ. ಮನೆ ಕಟ್ಟುವ ಗಲಾಟೆಯಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಅತ್ತೆ ಆ ಒಂದು ಕೈ, ಒಂದು ಕಾಲಿನಲ್ಲಿ ಹೇಗೋ ಜರುಗಿಕೊಂಡು ಮಂಚದ ಗೋಡೆ ಕಡೆಯ ಅಂಚಿಗೆ ಹೋಗಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಗಿತ್ತು. ಬೆಲ್ಲಿನಿಂದ ಕೈ ತೆಗೆದು ಆ ಜಾಗವನ್ನು ತಟ್ಟಿದರು. ನನ್ನನ್ನು ನೋಡಿ ಇನ್ನೊಮ್ಮೆ ತಟ್ಟಿದರು. ಫ್ಯಾನನ್ನೂ ಅವರೇ ಹಾಕಿದ್ದರು.

ಕೂತೆ. ಧಾರಾವಾಹಿ ಮುಗಿಯುವ ತನಕ ಅವರು ಮತ್ತೆ ಏನನ್ನೂ ಕೇಳಲಿಲ್ಲ. ಅಂದಿನಿಂದ ನಾನು ಮನೆಯಲ್ಲಿರುವ ದಿನ ಆ ಹೊತ್ತಿಗೆ ಒಂದು ಬೆಲ್ಲು ನನಗಾಗಿ ಹೊಡೆಯುತ್ತದೆ.

ಇದನ್ನು ವೈರಿಂಗ್ ಅಣ್ಣನಿಗೆ ಹೇಳಬೇಕು ಎನ್ನಿಸಿ ವಾರಗಳೇ ಕಳೆದವು. ಒಂದು ಸಂಜೆ ಹರಿಹರದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. ಅವರ ಮಗಳು.

"ಅಪ್ಪಾಜಿ ಹೋಗಿ ಹದಿನೈದು ದಿನ ಆತ್ರಿ. ಉಸಿರಿಂದೇ ತೊಂದ್ರೆ ಇತ್ತು" ಎಂದಳು. ಆಮೇಲೆ ಅವಳೇ ಕೇಳಿದಳು: "ಏನ್ ರಿಪೇರಿ ಇತ್ರಿ ಮೇಡಂ? ಬ್ಯಾರೆಯೋರ ನಂಬರ್ ಕೊಡ್ಲಾ?"

"ರಿಪೇರಿ ಏನಿಲ್ಲಮ್ಮಾ. ಅವ್ರು ಮಾಡಿಕೊಟ್ಟಿದ್ದು ಎಲ್ಲಾ ಸರಿ ಐತೆ ಅಂತ ಹೇಳಾಕೆ ಮಾಡಿದ್ದೆ."

"ಹಂಗಂತ ಯಾರೂ ಫೋನ್ ಮಾಡಿರ್ಲಿಲ್ರಿ" ಎಂದಳು. "ಫೋನ್ ಬಂತು ಅಂದ್ರೆ ಅಪ್ಪಾಜಿ ಎತ್ತಿದ್ ಕೂಡ್ಲೇ 'ಏನ್ ಕೆಟ್ಟೈತ್ರಿ' ಅಂತಿದ್ರು." ಆಮೇಲೆ ದನಿ ಸರಿಮಾಡಿಕೊಂಡು, "ಮೇಡಂ, ಇನ್ನೊಂದ್ಸಲ ಹೇಳ್ರಿ. ಸ್ಪೀಕರ್ ಹಾಕ್ತೀನಿ, ನಮ್ಮವ್ವ ಕೇಳ್ಲಿ" ಎಂದಳು.

ದಾವಣಗೆರೆಯ ಬಸ್ಸು ಬಂದು ನಿಂತಿತು. ಅದನ್ನು ಬಿಟ್ಟು, ಟವೆಲ್ಲಿನಲ್ಲಿ ಕೈ ಕಟ್ಟಿಸಿಕೊಂಡು ಅವರು ನಮ್ಮ ಮನೆಯ ನೆಲದ ಮೇಲೆ ಮಲಗಿದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.